ಹತ್ತು ಜನರ ಊಟಕ್ಕೆ ಟೇಬಲ್ ಹಾಕಿದ್ದು

ಅಪ್ಪ ಅಮ್ಮನ ಮದುವೆಯಾಗಿ 50 ವರ್ಷ ತುಂಬುತ್ತಿತ್ತು. ಛತ್ರ, ಶಾಮಿಯಾನ, ಫೋಟೊದವರು ಏನೂ ಬೇಡ ಅಂತ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಮನೆಯಲ್ಲೇ ಹತ್ತು ಜನಕ್ಕೆ ಊಟ, ಅಷ್ಟೇ. ಆ ಹತ್ತು ಜನರನ್ನು ಕೂರಿಸೋದು ಹೇಗೆ ಅನ್ನೋದೇ ದೊಡ್ಡ ಪ್ರಶ್ನೆಯಾಯಿತು. ಬರುವವರೆಲ್ಲ 70ರ ಆಸುಪಾಸಿನವರು. ನೆಲದ ಮೇಲೆ ಎಲೆ ಹಾಕಿದರೆ ಅರ್ಧ ಜನಕ್ಕೆ ಮಂಡಿ ಮಡಚೋಕೆ ಆಗಲ್ಲ, ಮಡಚಿದವರನ್ನು ಎಬ್ಬಿಸೋಕೆ ಇನ್ನಿಬ್ಬರು ಬೇಕು. ಬಫೆ ಇಟ್ಟರೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಊರುಗೋಲು, ತಿನ್ನೋದು ಯಾವ ಕೈಯಲ್ಲಿ? ನನಗಂತೂ ಬಫೆ ಮೊದಲಿಂದಲೂ ಇಷ್ಟ ಇಲ್ಲ. ಊಟಕ್ಕೆ ಬನ್ನಿ ಅಂತ ಕರೆದು ಕ್ಯೂ ನಿಲ್ಲಿಸೋದು ಯಾವ ಸೀಮೆ ಮರ್ಯಾದೆ?

ಹಾಗಾಗಿ ಟೇಬಲ್ ಹಾಕೋಣ, ಎಲ್ಲರನ್ನೂ ಕುರ್ಚಿ ಮೇಲೆ ಕೂರಿಸಿ ಒಂದೊಂದೇ ಐಟಂ ತಂದು ಕೊಡೋಣ, ಅದೂ ಹೋಟೆಲಿನವರ ಹಾಗೆ ಸರಿಯಾಗಿ ಮಾಡೋಣ ಅಂತ ನಾನೂ ತಮ್ಮನೂ ತೀರ್ಮಾನ ಮಾಡಿದೆವು. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ನಾಲ್ಕು ಜನ ಬಂದಾಗ ನಮ್ಮಮ್ಮ ಅವರ ಜೊತೆ ಕೂತು, ಎದ್ದು ಹೋಗದೆ, ಕೊನೆವರೆಗೂ ಉಂಡಿದ್ದನ್ನು ನಾನು ನೋಡೇ ಇಲ್ಲ. ಅವರ ಊಟ ಯಾವಾಗಲೂ ಅಡುಗೆಮನೆ ಕಟ್ಟೆ ಮೇಲೆ, ಎಲ್ಲರದ್ದೂ ಆದಮೇಲೆ.

ಕೆಳಗಿನ ಮನೆಯಲ್ಲಿರುವ ಅಂಕಲ್ ಒಂದು ದೊಡ್ಡ ಹೋಟೆಲಿನ ಬ್ಯಾಂಕ್ವೆಟ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಹತ್ತಿರ ಹೋಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಒಂದು ತಟ್ಟೆ, ಅದರ ಎಡಕ್ಕೆ ಬಲಕ್ಕೆ ಮೇಲಕ್ಕೆ ಸಾಲು ಸಾಲು ಫೋರ್ಕು, ಚಾಕು, ಸ್ಪೂನು, ನಾಲ್ಕು ಗ್ಲಾಸು. "ಅಂಕಲ್, ಈ ಥರ ಹಾಕಬೇಕು, ಹೇಳಿಕೊಡಿ" ಅಂದೆ. ಅವರು ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ.

"ಊಟಕ್ಕೆ ಏನು ಮಾಡ್ತಿದ್ದೀಯಮ್ಮ?"

"ಅದಿನ್ನೂ ಯೋಚನೆ ಮಾಡಿಲ್ಲ ಅಂಕಲ್."

"ಮತ್ತೆ ಟೇಬಲ್ ಹೆಂಗೆ ಹಾಕ್ತೀಯ? ಮೊದಲು ಅಡುಗೆ ಪಟ್ಟಿ ಬರ್ಕೊಂಡು ಬಾ. ಪಟ್ಟಿ ನೋಡಿ ಸಾಮಾನು ಇಡೋದು. ಬರದೇ ಇರೋ ಐಟಂಗೆ ಸ್ಪೂನ್ ಇಟ್ಟರೆ ಕೂತವರು ಕೊನೆವರೆಗೂ ಅದಕ್ಕೇ ಕಾಯ್ತಾ ಇರ್ತಾರೆ."

ಇಡೀ ವಿಷಯ ನನಗೆ ಅರ್ಥವಾಗಿದ್ದು ಈ ಮಾತಿನಿಂದ. ಇಷ್ಟು ಫೋರ್ಕ್ ಇಡಬೇಕು, ಇಷ್ಟು ಚಾಕು ಇಡಬೇಕು ಅನ್ನೋ ಕಾಯಂ ಲೆಕ್ಕ ಯಾವುದೂ ಇಲ್ಲ. ಅಡುಗೆಯಲ್ಲಿ ಏನಿದೆಯೋ ಅದಕ್ಕೆ ಬೇಕಾದ್ದು ಮಾತ್ರ, ಬರುವ ಕ್ರಮದಲ್ಲಿ, ಹೊರಗಿನಿಂದ ಒಳಕ್ಕೆ. ಮೊದಲು ಬರುವ ಐಟಂನ ಸಾಮಾನು ತಟ್ಟೆಯಿಂದ ದೂರ, ಆಮೇಲೆ ಬರುವುದರದ್ದು ಹತ್ತಿರ. ಗೊತ್ತಿಲ್ಲದವರೂ ಹೊರಗಿನಿಂದ ಒಂದೊಂದೇ ಎತ್ತಿಕೊಳ್ಳುತ್ತಾ ಹೋದರೆ ತಪ್ಪೋ ಪ್ರಶ್ನೆಯೇ ಇಲ್ಲ. ಗೊತ್ತಿಲ್ಲದವರನ್ನು ಆಡಿಕೊಳ್ಳೋಕೆ ಅಂತಲೇ ಇದನ್ನೆಲ್ಲ ಮಾಡಿದ್ದಾರೆ ಅಂತ ನಾನು ಅಲ್ಲಿವರೆಗೆ ಅಂದುಕೊಂಡಿದ್ದೆ.

ತಮ್ಮ ಫೋನಿನಲ್ಲಿ ಓದಿ ಹೇಳಿದ. ಮೊದಲು ಫ್ರಾನ್ಸಿನ ಶ್ರೀಮಂತರ ಮನೆಗಳಲ್ಲಿ ಒಂದು ಸುತ್ತಿನ ಎಲ್ಲ ಐಟಂಗಳನ್ನೂ ಒಟ್ಟಿಗೆ ಟೇಬಲ್ ಮೇಲೆ ಹರಡಿಬಿಡುತ್ತಿದ್ದರಂತೆ, ಕೈಗೆ ಎಟುಕಿದ್ದು ತಿನ್ನೋದು. ಒಂದಾದ ಮೇಲೊಂದು ಬಿಸಿಬಿಸಿಯಾಗಿ ತಂದು ಕೊಡುವ ರಷ್ಯನ್ ಪದ್ಧತಿ ಯುರೋಪಿನಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಈ ಸಾಲು ಜೋಡಣೆ ಆ ಪದ್ಧತಿಗೆ ಹೊಂದಿಕೊಂಡು ಬೆಳೆದಿದ್ದು. ಇದನ್ನು ಕೇಳಿ ಅಮ್ಮ, "ನಮ್ಮ ಎಲೆ ಊಟದಲ್ಲಿ ಎರಡೂ ಇದೆಯಲ್ಲೋ" ಅಂದರು. ನಿಜ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೊದಲೇ ಎಲೆ ಮೇಲೆ ಇರುತ್ತವೆ. ಸಾರು, ಹುಳಿ, ಸಿಹಿ, ಮಜ್ಜಿಗೆ ಆಮೇಲೆ ಸರದಿ ಪ್ರಕಾರ ಬರುತ್ತವೆ.

ಪಟ್ಟಿ ಹೀಗಾಯಿತು. ಮೊದಲು ತಿಳಿಸಾರು, ಸೂಪಿನ ಹಾಗೆ ಬಟ್ಟಲಲ್ಲಿ. ಆಮೇಲೆ ವೆಜಿಟೆಬಲ್ ಕಟ್ಲೆಟ್. ಇದು ಅಪ್ಪನ ಹಟ. ರೈಲಿನಲ್ಲಿ ಓಡಾಡುತ್ತಿದ್ದ ಕಾಲದಿಂದ ಅವರಿಗೆ ಕಟ್ಲೆಟ್ ಅಂದರೆ ಪ್ರಾಣ. ಆಮೇಲೆ ಬಿಸಿಬೇಳೆಬಾತ್, ಸೌತೆಕಾಯಿ ಮೊಸರುಬಜ್ಜಿ, ಹಪ್ಪಳ. ಕೊನೆಗೆ ಹೋಳಿಗೆ, ತುಪ್ಪ. ಅಂಕಲ್ ಪಟ್ಟಿ ಹಿಡಿದು ಒಂದೊಂದರ ಪಕ್ಕ ಪೆನ್ಸಿಲಿನಲ್ಲಿ ಬರೆದರು. ಸಾರಿಗೆ ಸೂಪ್ ಸ್ಪೂನ್. ಕಟ್ಲೆಟ್‌ಗೆ ಸಣ್ಣ ಚಾಕು, ಸಣ್ಣ ಫೋರ್ಕ್. ಬಾತಿಗೆ ದೊಡ್ಡ ಸ್ಪೂನ್, ದೊಡ್ಡ ಫೋರ್ಕ್. ಹೋಳಿಗೆಗೆ ಡೆಸರ್ಟ್ ಸ್ಪೂನ್ ಮತ್ತು ಫೋರ್ಕ್, ಇವೆರಡು ಮಾತ್ರ ತಟ್ಟೆಯ ಮೇಲ್ಗಡೆ ಅಡ್ಡಕ್ಕೆ. "ಕಟ್ಲೆಟ್ ಇಲ್ಲದೇ ಇದ್ದಿದ್ದರೆ ಟೇಬಲ್ ಮೇಲೆ ಚಾಕುವೇ ಬೇಕಿರಲಿಲ್ಲ" ಅಂದರು. ಬ್ರೆಡ್ ಇಡುವ ಸಣ್ಣ ಪ್ಲೇಟ್ ಎಡಕ್ಕೆ ಬರಬೇಕು. ನಮ್ಮಲ್ಲಿ ಬ್ರೆಡ್ ಇಲ್ಲ, ಅಲ್ಲಿ ಹಪ್ಪಳ ಬಂತು.

ಸಾಮಾನು ತರೋಕೆ ಚಿಕ್ಕಪೇಟೆಗೆ ಹೋದೆವು. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್ ಆದಮೇಲೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ, ಪಾರ್ಕಿಂಗ್ ತಲೆನೋವಿಲ್ಲ. ಹೋಟೆಲ್ ಸಾಮಾನು ಮಾರುವ ಅಂಗಡಿಯಲ್ಲಿ ಸ್ಪೂನುಗಳನ್ನು ತರಕಾರಿ ಥರ ತೂಕಕ್ಕೆ ಇಟ್ಟಿದ್ದರು. ಅಂಗಡಿಯವರು ಡ್ರಾಯರ್‌ನಿಂದ ಒಂದು ಸಣ್ಣ ಮ್ಯಾಗ್ನೆಟ್ ತೆಗೆದು ನನ್ನ ಕೈಗೆ ಕೊಟ್ಟರು, ನೀವೇ ನೋಡಿ ತಗೊಳ್ಳಿ ಅಂತ. 18/8 ಅಂತ ಬರೆದಿರೋ ಸ್ಟೀಲ್ ಅಂದರೆ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಅದಕ್ಕೆ ಮ್ಯಾಗ್ನೆಟ್ ಹೆಚ್ಚುಕಡಿಮೆ ಅಂಟೋದಿಲ್ಲ. 18/0ರಲ್ಲಿ ನಿಕ್ಕಲ್ ಇಲ್ಲ, ಅದಕ್ಕೆ ಟಪ್ ಅಂತ ಹಿಡಿಯುತ್ತದೆ. ಸ್ಪೂನು ಫೋರ್ಕುಗಳೆಲ್ಲ ಪರೀಕ್ಷೆ ಪಾಸಾದವು, ಚಾಕುಗಳಿಗೆ ಮಾತ್ರ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿತು. ನಾನು ಮುಖ ನೋಡಿದ್ದಕ್ಕೆ ಅಂಗಡಿಯವರು ನಕ್ಕು, ಚಾಕುವಿನ ಅಲಗಿಗೆ ಗಟ್ಟಿ ಸ್ಟೀಲೇ ಬೇಕು ಮೇಡಂ, ಇಲ್ಲದಿದ್ದರೆ ಹರಿತ ನಿಲ್ಲಲ್ಲ, ಆ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿದೇ ಹಿಡಿಯುತ್ತೆ ಅಂದರು. ಆಮೇಲೆ ಅಂಕಲ್ ಕೂಡ ಅದನ್ನೇ ಹೇಳಿದರು.

ಬಿಳಿ ಪ್ಲೇಟುಗಳನ್ನು ಕೊಳ್ಳಲಿಲ್ಲ, ಬಾಡಿಗೆಗೆ ತಂದೆವು. ಬಾಡಿಗೆಯವರು ಕಳಿಸಿದ ದೊಡ್ಡ ಪ್ಲೇಟುಗಳಲ್ಲಿ ಕೆಲವು 10 ಇಂಚಿನವು, ಕೆಲವು 11 ಇಂಚಿನವು. ಫೋನ್ ಮಾಡಿದರೆ "ಊಟ ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತೆ ಬಿಡಿ" ಅನ್ನೋ ಉತ್ತರ. ಸಾಲಾಗಿ ಇಟ್ಟರೆ ಗೊತ್ತಾಗುತ್ತೆ ಸ್ವಾಮಿ. ಪಟ್ಟು ಹಿಡಿದು ಬದಲಾಯಿಸಿಕೊಂಡೆವು. ಬಾಡಿಗೆಗೆ ತರುವವರು ಟೇಪು ಹಿಡಿದುಕೊಂಡೇ ಹೋಗಿ, ಅಂಚು ಮುಕ್ಕಾಗಿದೆಯಾ ಅಂತ ಬೆರಳಾಡಿಸಿ ನೋಡಿ.

ಇನ್ನು ಟೇಬಲ್. ನಮ್ಮದು ಆರು ಜನರ ಟೇಬಲ್ ಅಂತ ಮಾರಿದ್ದು, 5 ಅಡಿ ಉದ್ದ, 3 ಅಡಿ ಅಗಲ. ಒಬ್ಬರಿಗೆ ಕಡಿಮೆ ಅಂದರೂ 24 ಇಂಚು ಜಾಗ ಬೇಕು, ಇಲ್ಲದಿದ್ದರೆ ಮೊಣಕೈ ಪಕ್ಕದವರಿಗೆ ತಗುಲುತ್ತದೆ ಅನ್ನೋದು ಅಂಕಲ್ ಲೆಕ್ಕ. ತಮ್ಮನ 4 ಅಡಿಯ ಓದೋ ಟೇಬಲನ್ನು ತಂದು ಕೂಡಿಸಿದೆವು. 9 ಅಡಿ ಆಯಿತು. ಅಕ್ಕಪಕ್ಕ ನಾಲ್ಕು ನಾಲ್ಕು, ತುದಿಗಳಲ್ಲಿ ಒಬ್ಬೊಬ್ಬರು. ಓದೋ ಟೇಬಲ್ ಒಂದು ಇಂಚು ಕುಳ್ಳು. ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು 30 ಇಂಚಿಗೆ ಸಮ ಮಾಡಿದೆವು.

ಬಟ್ಟೆಯ ವಿಷಯದಲ್ಲಿ ಅಂಕಲ್ ತುಂಬಾ ಕಟ್ಟುನಿಟ್ಟು. ಚಿಕ್ಕಪೇಟೆಯಲ್ಲೇ 60 ಇಂಚು ಪನ್ನದ ದಪ್ಪ ಬಿಳಿ ಕಾಟನ್ ತಂದಿದ್ದೆ. ಹೊಸ ಬಟ್ಟೆಯನ್ನು ಹಾಗೇ ಹಾಸಬಾರದು, ಅದರ ಗಂಜಿ ಹೋಗೋವರೆಗೆ ನೀರು ಹೀರೋದಿಲ್ಲ, ಚೆಲ್ಲಿದ್ದೆಲ್ಲ ಉರುಳಿ ಮಡಿಲಿಗೆ ಬರುತ್ತದೆ ಅಂತ ಮೊದಲು ಒಗೆಸಿದರು. ನ್ಯಾಪ್ಕಿನ್‌ಗಳಿಗೂ ಅದೇ. ಟೇಬಲ್ ಮೇಲೆ ಮೊದಲು ಒಂದು ಹಳೇ ಫ್ಲಾನೆಲ್ ಹೊದಿಕೆ ಹಾಸಿದೆವು. ಹೋಟೆಲಿನವರು ಇದನ್ನು ಮೋಲ್ಟನ್ ಅಂತಾರೆ. ಇದಿದ್ದರೆ ಪ್ಲೇಟ್ ಇಟ್ಟಾಗ ಕಟಕಟ ಸದ್ದಿಲ್ಲ, ಮೇಲಿನ ಬಟ್ಟೆ ಜಾರೋದಿಲ್ಲ, ಬಿಸಿಗೆ ಮರ ಹಾಳಾಗಲ್ಲ. ಎರಡು ಟೇಬಲ್ ಸೇರುವ ಸಂದಿಯೂ ಕಾಣಲಿಲ್ಲ. ಮೇಲೆ ಬಿಳಿ ಬಟ್ಟೆ ಹಾಸಿ, ಅಲ್ಲೇ ಟೇಬಲ್ ಮೇಲೇ ಇಸ್ತ್ರಿ ಪೆಟ್ಟಿಗೆ ಆಡಿಸಿ ಮಡಿಕೆಗಳನ್ನು ತೆಗೆದರು. ಸುತ್ತಲೂ ಇಳಿಬಿದ್ದ ಬಟ್ಟೆ ಕುರ್ಚಿಯ ಸೀಟು ಮುಟ್ಟಿ ಮುಟ್ಟದ ಹಾಗೆ, 10-12 ಇಂಚು ಇರಬೇಕು. ಜಾಸ್ತಿ ಉದ್ದ ಆದರೆ ಏಳುವಾಗ ಸೀರೆ ಸೆರಗಿನ ಜೊತೆ ಸಿಕ್ಕಿಕೊಂಡು ಎಲ್ಲ ಎಳೆದುಕೊಂಡು ಹೋಗುತ್ತದೆ.

ಸ್ಪೂನು ಗ್ಲಾಸು ಒರೆಸುವ ಕೆಲಸಕ್ಕೆ ಇಡೀ ಸಂಜೆ ಹಿಡಿಯಿತು. ನನಗೆ ಇದರಲ್ಲೇ ಜಾಸ್ತಿ ಖುಷಿ ಸಿಕ್ಕಿತು, ಯಾಕೆ ಅಂತ ಗೊತ್ತಿಲ್ಲ. ಒಂದು ಪಾತ್ರೆಯಲ್ಲಿ ಕುದಿವ ನೀರು. ಗ್ಲಾಸನ್ನು ಬುಡದಲ್ಲಿ ಹಿಡಿದು ಬಾಯಿ ಕೆಳಗೆ ಮಾಡಿ ಹಬೆಗೆ ಒಡ್ಡೋದು. ಒಳಗೆಲ್ಲ ಮಂಜು ಕಟ್ಟಿದ ಕೂಡಲೇ ಬಟ್ಟೆ ಹಾಕಿ ತಿರುಗಿಸಿ ಒರೆಸೋದು. ಯಾವ ಬಟ್ಟೆ ಹಾಕಿದರೂ ಸಣ್ಣ ನೂಲು ಅಂಟುತ್ತಿತ್ತು. ಅಮ್ಮ ಒಳಗೆ ಹೋಗಿ ಅಪ್ಪನ ಹಳೇ ಮಲ್ಲು ಪಂಚೆ ಹರಿದು ತಂದುಕೊಟ್ಟರು. ಅದರಲ್ಲಿ ಒರೆಸಿದರೆ ಒಂದು ಎಳೆ ನೂಲಿಲ್ಲ, ಗ್ಲಾಸು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಅಂಕಲ್ ಆ ಪಂಚೆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಮೊದಲೇ ಗೊತ್ತಿದ್ದರೆ ಹೋಟೆಲಿಗೂ ಇದನ್ನೇ ತರಿಸ್ತಿದ್ದೆ" ಅಂದರು. ಸ್ಪೂನುಗಳನ್ನು ಸ್ವಲ್ಪ ವಿನೆಗರ್ ಹಾಕಿದ ಬಿಸಿನೀರಲ್ಲಿ ಅದ್ದಿ, ಬಿಸಿ ಇರುವಾಗಲೇ ಒರೆಸೋದು. ಒರೆಸಿದ ಮೇಲೆ ಹಿಡಿಕೆ ಬಿಟ್ಟು ಬೇರೆಲ್ಲೂ ಬೆರಳು ತಾಗಬಾರದು.

ಜೋಡಿಸುವ ದಿನ ಅಂಕಲ್ ಬರುವಾಗ ಕೈಯಲ್ಲಿ ಹೂ ಕಟ್ಟುವ ದಾರದ ಉಂಡೆ ಇತ್ತು. ಮೊದಲು ಕುರ್ಚಿಗಳನ್ನು ಇಟ್ಟರು, ಒಂದರ ಎದುರಿಗೆ ಒಂದು ಸರಿಯಾಗಿ ಬರುವ ಹಾಗೆ. ಪ್ರತಿ ಕುರ್ಚಿಯ ನಡುವಿಗೆ ಪ್ಲೇಟ್. ಆಮೇಲೆ ದಾರವನ್ನು ಟೇಬಲಿನ ಉದ್ದಕ್ಕೂ, ಅಂಚಿನಿಂದ ಒಂದು ಇಂಚು ಒಳಗೆ, ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು ನನಗೊಂದು ಕೊನೆ ಹಿಡಿಯೋಕೆ ಕೊಟ್ಟರು. ಒಂದು ಇಂಚು ಅಂದರೆ ಹೆಬ್ಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ, ಸ್ಕೇಲ್ ಬೇಕಿಲ್ಲ. ಎಲ್ಲ ಹಿಡಿಕೆಗಳ ಬುಡವೂ ಆ ದಾರಕ್ಕೆ ತಾಗಬೇಕು. ಬಲಕ್ಕೆ ಹೊರಗಿನಿಂದ ಸೂಪ್ ಸ್ಪೂನ್, ಸಣ್ಣ ಚಾಕು, ದೊಡ್ಡ ಸ್ಪೂನ್. ಎಡಕ್ಕೆ ಹೊರಗಿನಿಂದ ಸಣ್ಣ ಫೋರ್ಕ್, ದೊಡ್ಡ ಫೋರ್ಕ್, ಎರಡೂ ಫೋರ್ಕುಗಳ ಆಚೆಗೆ ಹಪ್ಪಳದ ಪ್ಲೇಟ್. ಮೇಲ್ಗಡೆ ಡೆಸರ್ಟ್ ಫೋರ್ಕಿನ ಹಿಡಿಕೆ ಎಡಕ್ಕೆ, ಅದರ ಮೇಲೆ ಸ್ಪೂನಿನ ಹಿಡಿಕೆ ಬಲಕ್ಕೆ. ಯಾವ ಕೈಯಲ್ಲಿ ಹಿಡಿಯಬೇಕೋ ಆ ಕಡೆ ಹಿಡಿಕೆ. ನೀರಿನ ಗ್ಲಾಸು ಚಾಕುವಿನ ತುದಿಯ ನೇರಕ್ಕೆ. ಮುಗಿದ ಮೇಲೆ ಅಂಕಲ್ ಟೇಬಲ್ ತುದಿಯಲ್ಲಿ ಬಗ್ಗಿ, ಗಲ್ಲವನ್ನು ಬಟ್ಟೆಯ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ನೋಡಿದರು. ಮೂರನೇ ಕುರ್ಚಿಯ ಫೋರ್ಕನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು. ನನಗೆ ಮೊದಲೂ ಅದು ಸರಿಯಾಗಿಯೇ ಕಂಡಿತ್ತು, ಆಮೇಲೂ ಸರಿಯಾಗಿಯೇ ಕಂಡಿತು.

ಚಾಕುವಿನ ಹರಿತದ ಕಡೆ ಯಾವಾಗಲೂ ತಟ್ಟೆಗೆ ಮುಖ ಮಾಡಿರಬೇಕು, ಪಕ್ಕದವರ ಕಡೆ ತಿರುಗಿಸಬಾರದು. ಇದಕ್ಕೂ ತಮ್ಮನ ಹತ್ತಿರ ಒಂದು ಕಥೆ ರೆಡಿ ಇತ್ತು. ಹಿಂದೆ ಊಟದ ಚಾಕು ಅಂದರೆ ಇರಿಯುವ ಚಾಕುವೇ. 1669ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ಚೂಪು ತುದಿಯ ಚಾಕುಗಳಿಗೆ ನಿಷೇಧ ಹಾಕಿದ. ಊಟದ ಟೇಬಲಿನ ಚಾಕುಗಳೂ ತುದಿ ದುಂಡಗೆ ಮಾಡಿಕೊಂಡವು. ನಮ್ಮ ಚಿಕ್ಕಪೇಟೆ ಚಾಕುಗಳೂ ದುಂಡಗೇ ಇದ್ದವು, ಕಟ್ಲೆಟ್ ಬಿಟ್ಟರೆ ಬೇರೆ ಯಾರಿಗೂ ಅಪಾಯ ಇಲ್ಲ.

ನ್ಯಾಪ್ಕಿನ್‌ನಲ್ಲಿ ಹಂಸ, ಕಿರೀಟ ಎಲ್ಲ ಮಾಡೋಣ ಅಂತ ತಮ್ಮನ ಹೆಂಡತಿ ವಿಡಿಯೊ ನೋಡಿ ಕಲಿತಿದ್ದಳು. ಅಂಕಲ್ ಬೇಡ ಅಂದರು. ಎಷ್ಟು ಮಡಿಕೆಯೋ ಅಷ್ಟು ಸಲ ಕೈ ತಾಗಿರುತ್ತೆ, ಅದರಲ್ಲೇ ಬಾಯಿ ಒರೆಸ್ಕೋಬೇಕಲ್ವಾ ಅಂತ. ಸುಮ್ನೆ ಉದ್ದಕ್ಕೆ ಮಡಚಿ ತಟ್ಟೆ ಮೇಲೆ ಇಟ್ಟೆವು. ಹೂವಿನ ವಿಷಯದಲ್ಲೂ ಅವರದ್ದೇ ಮಾತು ನಡೆಯಿತು. ನಾನು ಮಲ್ಲೇಶ್ವರದಿಂದ ಸುಗಂಧರಾಜ ತಂದಿದ್ದೆ, ಅದು ದೇವರ ಮನೆಗೆ ಹೋಯಿತು. ಊಟದ ಟೇಬಲಿಗೆ ವಾಸನೆಯ ಹೂ ಬೇಡ, ಸಾರಿನ ಒಗ್ಗರಣೆ ಘಮ ಬರಬೇಕು ಅಷ್ಟೇ. ಗಿಡ್ಡ ಬಟ್ಟಲಲ್ಲಿ ಸೇವಂತಿಗೆ ಇಟ್ಟೆವು, ಎದುರಿಗೆ ಕೂತವರ ಮುಖ ಕಾಣುವಷ್ಟೇ ಎತ್ತರಕ್ಕೆ.

ಹಿಂದಿನ ದಿನ ಮಕ್ಕಳನ್ನೂ ಅಪ್ಪನನ್ನೂ ಕೂರಿಸಿ ತಾಲೀಮು ಮಾಡಿಸಿದೆವು. ಯಾವ ಪ್ಲೇಟ್ ನನ್ನದು, ಯಾವ ಗ್ಲಾಸು ನನ್ನದು ಅನ್ನೋ ಗೊಂದಲಕ್ಕೆ ಮಗನ ಹತ್ತಿರ ಒಂದು ಉಪಾಯ ಇತ್ತು. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿ ಉಳಿದ ಬೆರಳು ನೆಟ್ಟಗೆ ಹಿಡಿದರೆ ಎಡಗೈ ಇಂಗ್ಲಿಷಿನ ಸಣ್ಣ ಬಿ, ಬಲಗೈ ಸಣ್ಣ ಡಿ. ಬಿ ಅಂದರೆ ಬ್ರೆಡ್, ಎಡಕ್ಕೆ. ಡಿ ಅಂದರೆ ಡ್ರಿಂಕ್, ಬಲಕ್ಕೆ. ಅಪ್ಪ ಇದನ್ನು ಟೇಬಲ್ ಕೆಳಗೆ ಕೈ ಇಟ್ಟುಕೊಂಡು ಹಲವು ಸಲ ಮಾಡಿ ನೋಡಿದರು.

ಅಂಕಲ್ ಪಾಠದಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಪ್ರತಿಯೊಂದಕ್ಕೂ ಅವರ ಹತ್ತಿರ ಒಂದು ಕಾರಣ ಇತ್ತು. ನ್ಯಾಪ್ಕಿನ್ ಮಡಿಲಲ್ಲಿ. ನಡುವೆ ಎದ್ದು ಹೋಗೋದಾದರೆ ಕುರ್ಚಿ ಮೇಲೆ ಇಡಿ, ಮತ್ತೆ ಬರ್ತಾರೆ ಅಂತ ಬಡಿಸುವವರಿಗೆ ಗೊತ್ತಾಗುತ್ತೆ. ಊಟ ಮುಗಿದರೆ ತಟ್ಟೆಯ ಎಡಕ್ಕೆ. ಸೂಪನ್ನು ಸ್ಪೂನಿನಲ್ಲಿ ತನ್ನಿಂದ ಆಚೆಗೆ ತುಂಬಿಕೊಳ್ಳಬೇಕು, ತೊಟ್ಟಿಕ್ಕಿದರೆ ಬಟ್ಟಲಿಗೇ ಬೀಳುತ್ತದೆ, ಅಂಗಿಗೆ ಅಲ್ಲ. ಸ್ಪೂನಿನ ಪಕ್ಕದಿಂದ ಕುಡಿಯಬೇಕು, ಸದ್ದಿಲ್ಲದೆ. ಇಲ್ಲಿ ಅಪ್ಪ ತಕರಾರು ತೆಗೆದರು. "ಸೊರ್ ಅನ್ನದೆ ಸಾರು ಕುಡಿದರೆ ಅದು ಕಷಾಯ ಕಣ್ರೀ." ಅಂಕಲ್ ಯೋಚನೆ ಮಾಡಿ, "ನಿಮ್ಮ ಮನೆ, ನಿಮ್ಮ ಸಾರು, ನಿಮಗೆ ಮಾತ್ರ ಮಾಫಿ" ಅಂದರು.

ಬಾತ್ ತಿನ್ನೋಕೆ ಬಲಗೈಯಲ್ಲಿ ಸ್ಪೂನ್, ಎಡಗೈ ಫೋರ್ಕಿನಿಂದ ಅನ್ನವನ್ನು ಸ್ಪೂನಿಗೆ ತಳ್ಳೋದು. ಬಾಯಿಗೆ ಹೋಗೋದು ಸ್ಪೂನ್ ಮಾತ್ರ. ಫೋರ್ಕಲ್ಲೇ ಅನ್ನ ತಿನ್ನೋದು ಬೇರೆ ಯಾರದೋ ಕಷ್ಟ, ನಾವ್ಯಾಕೆ ಪಡಬೇಕು. ಎಡಗೈ ಅಭ್ಯಾಸ ಇಲ್ಲದ ಅಪ್ಪನಿಗೆ ಬೇಜಾರಾದಾಗ ತಮ್ಮ ಸಮಾಧಾನ ಹೇಳಿದ. ಥಾಮಸ್ ಕೊರ್ಯಾಟ್ ಅನ್ನೋ ಇಂಗ್ಲಿಷಿನವನು 1608ರಲ್ಲಿ ಇಟಲಿಗೆ ಹೋಗಿ, ಅಲ್ಲಿ ಫೋರ್ಕ್ ಬಳಸೋದು ನೋಡಿ, ಊರಿಗೆ ಬಂದು ತಾನೂ ಶುರು ಮಾಡಿದನಂತೆ. 1611ರಲ್ಲಿ ಅವನೇ ಬರೆದ ಪ್ರಕಾರ ಗೆಳೆಯರೇ ಅವನನ್ನು ಗೇಲಿ ಮಾಡಿದರು. "ಅಂದ್ರೆ ಇಂಗ್ಲಿಷ್‌ನೋರೂ ಕೈಯಲ್ಲೇ ತಿಂತಿದ್ರಾ?" ಅಂತ ಅಪ್ಪನಿಗೆ ಬಹಳ ಸಂತೋಷವಾಯಿತು.

ಎಲ್ಲಕ್ಕಿಂತ ಉಪಯೋಗದ ವಿಷಯ ಚಾಕು ಫೋರ್ಕಿನ ಸನ್ನೆ. ತಿನ್ನುತ್ತಾ ನಡುವೆ ನಿಲ್ಲಿಸಿದರೆ ಎರಡನ್ನೂ ತಟ್ಟೆಯ ಮೇಲೆ ಒಂದಕ್ಕೊಂದು ಓರೆಯಾಗಿ, ತುದಿಗಳು ಹತ್ತಿರ ಬರುವ ಹಾಗೆ ಇಡಬೇಕು. ಮುಗಿದಿದ್ದರೆ ಪಕ್ಕಪಕ್ಕ ಜೋಡಿಸಿ ಇಡಬೇಕು. ಬಡಿಸುವವರು ಬಾಯಿ ತೆರೆದು ಕೇಳೋದು ಬೇಡ, ತಿನ್ನುವವರು ಮಾತು ನಿಲ್ಲಿಸೋದು ಬೇಡ. ಇನ್ನು ಉಪ್ಪು ದೂರದಲ್ಲಿದ್ದರೆ ಪಕ್ಕದವರ ತಟ್ಟೆ ಮೇಲೆ ಕೈ ಚಾಚದೆ ಕೇಳಿ ತರಿಸಿಕೊಳ್ಳೋದು, ಎಲ್ಲರಿಗೂ ಬಂದ ಮೇಲೆ ಶುರು ಮಾಡೋದು. ಇವು ನಮ್ಮ ಪಂಕ್ತಿಯಲ್ಲೂ ಇರುವಂಥವೇ, ಹೇಳಿಕೊಡಬೇಕಾಗಲಿಲ್ಲ. ಫೋನ್ ಟೇಬಲ್ ಮೇಲೆ ಇಡಬಾರದು ಅನ್ನೋದನ್ನು ಮಾತ್ರ ಹೇಳಬೇಕಾಯಿತು. ಮಕ್ಕಳಿಗಿಂತ ಅಪ್ಪನಿಗೇ ಜಾಸ್ತಿ.

ಅಮ್ಮನ ಕುರ್ಚಿಯನ್ನು ಅಡುಗೆಮನೆ ಬಾಗಿಲಿನಿಂದ ಅತಿ ದೂರದ ತುದಿಯಲ್ಲಿ, ಗೋಡೆಗೆ ಹತ್ತಿರ ಇಟ್ಟೆವು. ಎಲ್ಲ ಕಡೆ ಮನೆಯೊಡತಿಯನ್ನು ಅಡುಗೆಮನೆ ಹತ್ತಿರ ಕೂರಿಸುತ್ತಾರೆ. ನಮ್ಮದು ಬೇಕಂತಲೇ ಉಲ್ಟಾ. ಏಳಬೇಕು ಅಂದರೆ ಮಾವ ಮತ್ತು ಚಿಕ್ಕಪ್ಪ ಇಬ್ಬರನ್ನೂ ಎಬ್ಬಿಸಬೇಕು, ಹಾಗೆ.

ಆವತ್ತು ಹತ್ತು ಕುರ್ಚಿಯಲ್ಲಿ ಅಪ್ಪ, ಅಮ್ಮ, ಸೋದರಮಾವ, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ, ಅಪ್ಪನ ಇಬ್ಬರು ಸ್ನೇಹಿತರು, ಅವರಲ್ಲಿ ಒಬ್ಬರ ಹೆಂಡತಿ, ಜೊತೆಗೆ ಅಂಕಲ್. ಬಡಿಸೋದು ನಾನೂ ತಮ್ಮನೂ, ಅಡುಗೆಮನೆಯಿಂದ ತುಂಬಿಸಿ ಕೊಡೋದು ತಮ್ಮನ ಹೆಂಡತಿ. ಬಾತಿನ ಪ್ಲೇಟುಗಳನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಬೆಚ್ಚಗೆ ಇಟ್ಟಿದ್ದೆವು. ತಣ್ಣನೆ ಪಿಂಗಾಣಿ ಮೇಲೆ ಬಿಸಿಬೇಳೆಬಾತ್ ಹಾಕಿದರೆ ಎರಡು ನಿಮಿಷದಲ್ಲಿ ಗಟ್ಟಿ ಮುದ್ದೆ. ತುಂಬಿದ ಪ್ಲೇಟ್ ಬಲಗಡೆಯಿಂದ ಇಡೋದು, ಖಾಲಿ ಪ್ಲೇಟೂ ಬಲಗಡೆಯಿಂದ ತೆಗೆಯೋದು, ನೀರೂ ಬಲಗಡೆಯಿಂದ. ಪಾತ್ರೆ ಹಿಡಿದು ಬಡಿಸುವ ಮೊಸರುಬಜ್ಜಿ, ತುಪ್ಪ ಮಾತ್ರ ಎಡಗಡೆಯಿಂದ.

ಸಾರು ಚೆನ್ನಾಗಿ ನಡೆಯಿತು. ಒಂದೇ ಕಡೆಯಿಂದ ಸೊರ್ ಅಂತ ಕೇಳಿಸಿತು, ಅದಕ್ಕೆ ಮಾಫಿ ಸಿಕ್ಕಾಗಿತ್ತು. ಕಟ್ಲೆಟ್ ಹೊತ್ತಿಗೆ ಸೋದರಮಾವ ತಮ್ಮ ಮದುವೆ ದಿಬ್ಬಣದ ಬಸ್ಸು ಕೆಟ್ಟು ನಿಂತ ಕಥೆ ಶುರು ಮಾಡಿದರು. ಎರಡೂ ಕೈಯಲ್ಲಿ ಬಸ್ಸು ತೋರಿಸಬೇಕಲ್ಲ, ಚಾಕು ಫೋರ್ಕನ್ನು ಪಕ್ಕಪಕ್ಕ ಜೋಡಿಸಿ ಇಟ್ಟರು. ಹಿಂದೆ ನಿಂತಿದ್ದ ತಮ್ಮ ಪಾಠ ಕಲಿತ ಹುಡುಗ, ಬಲಗಡೆಯಿಂದ ಬಂದು ಪ್ಲೇಟ್ ಎತ್ತಿಕೊಂಡು ಹೊರಟೇಬಿಟ್ಟ. ಕಥೆ ಮುಗಿಸಿ ಕೆಳಗೆ ನೋಡಿದ ಮಾವ, "ಲೇ, ಅದರಲ್ಲಿ ಇನ್ನೂ ಅರ್ಧ ಕಟ್ಲೆಟ್ ಇತ್ತು ಕಣೋ!" ಅಂದರು. ಅಂಕಲ್ ಗಂಭೀರವಾಗಿ, "ನೀವೇ ಮುಗೀತು ಅಂತ ಹೇಳಿದ್ರಿ ಸಾರ್" ಅಂತ ತಟ್ಟೆಯ ಜಾಗ ತೋರಿಸಿದರು. ಮಾವನಿಗೆ ಇಡೀ ಎರಡು ಕಟ್ಲೆಟ್ ಬಂತು. ಆಮೇಲೆ ಅವರು ಕಥೆ ಹೇಳುವಾಗಲೆಲ್ಲ ಸ್ಪೂನು ಫೋರ್ಕನ್ನು ಓರೆಯಾಗಿ ಇಟ್ಟು, ತಮ್ಮನ ಕಡೆ ಒಮ್ಮೆ ನೋಡಿಯೇ ಮುಂದುವರಿಯುತ್ತಿದ್ದರು.

ಬಾತ್ ಬಂದ ಮೇಲೆ ಅಮ್ಮ ಏಳೋಕೆ ನೋಡಿದರು. ಚಿಕ್ಕಪ್ಪ ಕುರ್ಚಿ ಸರಿಸಲಿಲ್ಲ. ಇನ್ನೊಂದು ಸಲ ನೋಡಿದರು. ಆ ಸಲ ಅತ್ತೆ, "ಕೂತ್ಕೊಳೇ, ನಿನ್ನ ಮಕ್ಕಳಿಗೆ ಕೈಕಾಲು ಇದೆ" ಅಂದರು. ಆಮೇಲೆ ಅಮ್ಮ ಕೂತಲ್ಲಿಂದಲೇ ತುಪ್ಪ ಇನ್ನೂ ಬಿಸಿ ಇರಬೇಕಿತ್ತು, ಹಪ್ಪಳ ಒಂಚೂರು ಕಮ್ಮಿ ಕರಿಯಬೇಕಿತ್ತು, ಆ ಕಡೆ ಅವರಿಗೆ ಮೊಸರುಬಜ್ಜಿ ಬಂದಿಲ್ಲ ಅಂತ ಒಂದೊಂದೇ ಹೇಳುತ್ತಾ ಆರಾಮವಾಗಿ ಊಟ ಮಾಡಿದರು.

ಸಿಹಿಗೆ ಮೊದಲು ಟೇಬಲ್ ಮೇಲಿನ ಉಪ್ಪು, ಹಪ್ಪಳದ ಪ್ಲೇಟ್ ಎಲ್ಲ ತೆಗೆದು, ಬಟ್ಟೆ ಮೇಲೆ ಬಿದ್ದ ಚೂರುಗಳನ್ನು ಮಡಚಿದ ನ್ಯಾಪ್ಕಿನ್‌ನಿಂದ ಒಂದು ಪ್ಲೇಟಿಗೆ ಗುಡಿಸಿಕೊಂಡೆವು. ಮೇಲ್ಗಡೆ ಇದ್ದ ಸ್ಪೂನು ಫೋರ್ಕನ್ನು ಎರಡೂ ಪಕ್ಕಕ್ಕೆ ಇಳಿಸಿದೆವು. ಹೋಳಿಗೆ ಬಂತು. ಫೋರ್ಕಿನಿಂದ ಒತ್ತಿ ಹಿಡಿದು ಸ್ಪೂನಿನ ಅಂಚಿನಲ್ಲಿ ಕತ್ತರಿಸಬೇಕು. ಚಿಕ್ಕಮ್ಮ ಒಂದು ತುಂಡು ಹಾಗೆ ತಿಂದು, ಸ್ಪೂನ್ ಕೆಳಗಿಟ್ಟು, "ಇದಾಗಲ್ಲಪ್ಪ ನನಗೆ, ಹೋಳಿಗೆ ಮುರಿದೇ ತಿನ್ನಬೇಕು" ಅಂತ ಕೈ ಹಾಕಿದರು. ಎಲ್ಲರೂ ಅಂಕಲ್ ಮುಖ ನೋಡಿದರು. ಅವರು ಆಗಲೇ ಕೈಯಲ್ಲಿ ತಿನ್ನುತ್ತಿದ್ದರು. ಹೀಗಾಗಬಹುದು ಅಂತ ಮೊದಲೇ ಗೊತ್ತಿದ್ದ ಹಾಗೆ, ಬೆಚ್ಚಗಿನ ನೀರಿಗೆ ನಿಂಬೆ ಹೋಳು ಹಾಕಿದ ಫಿಂಗರ್ ಬೌಲ್‌ಗಳನ್ನು ಅವರೇ ಮಧ್ಯಾಹ್ನ ರೆಡಿ ಮಾಡಿಸಿ ಇಟ್ಟಿದ್ದರು. ಒಂದೊಂದೇ ಕೈಯ ಬೆರಳ ತುದಿ ಮಾತ್ರ ಅದ್ದಿ ನ್ಯಾಪ್ಕಿನ್‌ಗೆ ಒರೆಸಿಕೊಳ್ಳೋದು. ಅಪ್ಪನ ಸ್ನೇಹಿತರೊಬ್ಬರು ಮೊಣಕೈವರೆಗೆ ತೊಳೆಯೋ ಮೂಡಿನಲ್ಲಿದ್ದರು, ಹೆಂಡತಿ ತಡೆದರು.

ಇದನ್ನು ಮಾಡಬೇಕು ಅಂತ ಇರುವವರಿಗೆ ಎರಡು ಮಾತು. ಸ್ಟೇನ್‌ಲೆಸ್ ಸ್ಟೀಲ್ ಅಂತ ರಾತ್ರಿಯಿಡೀ ಉಪ್ಪು ನೀರಲ್ಲಿ ನೆನೆಹಾಕಬೇಡಿ, ಸಣ್ಣ ಸಣ್ಣ ಗುಳಿ ಬೀಳುತ್ತವೆ, ಆವತ್ತೇ ತೊಳೆದು ಒರೆಸಿಡಿ. ಬಿಳಿ ಬಟ್ಟೆಗೆ ಅರಿಶಿನದ ಕಲೆ ಬಿದ್ದೇ ಬೀಳುತ್ತದೆ. ಸೋಪು ಹಾಕಿದ ತಕ್ಷಣ ಅದು ಕೆಂಪಾಗುತ್ತದೆ, ಹೆದರಬೇಡಿ, ಅರಿಶಿನಕ್ಕೆ ಕ್ಷಾರ ತಾಗಿದರೆ ಹಾಗೇ. ಚೆನ್ನಾಗಿ ಜಾಲಿಸಿ ಟೆರೇಸ್ ಮೇಲೆ ಸುಡು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲೋದಿಲ್ಲ. ನಮ್ಮ ಬಟ್ಟೆಯ ಮಾವನ ಕಡೆಯ ಭಾಗಕ್ಕೆ ಮಾತ್ರ ಇನ್ನೊಂದು ಒಗೆತ ಬೇಕಾಯಿತು. ಈಗ ಅದನ್ನೂ ಸ್ಪೂನು ಫೋರ್ಕುಗಳನ್ನೂ ಚಿಕ್ಕಮ್ಮ ಕೇಳಿದ್ದಾರೆ, ಚಿಕ್ಕಪ್ಪನ ಹುಟ್ಟುಹಬ್ಬಕ್ಕೆ. ಅವರ ಪಟ್ಟಿಯಲ್ಲಿ ಕಟ್ಲೆಟ್ ಇಲ್ಲವಂತೆ, ಹಾಗಾಗಿ ಚಾಕು ಕಳಿಸುತ್ತಿಲ್ಲ.